ರೇಷನ್ ಕಾರ್ಡಿಗೆ ನನ್ನ ಮತ್ತು ಮಕ್ಕಳ ಹೆಸರು ಸೇರಿಸಿದ್ದು: ಯಾವುದು ಮೊದಲು, ಯಾವುದು ಆಮೇಲೆ

ಕೊನೆಗೂ ಆಯಿತು. ನಮ್ಮ ರೇಷನ್ ಕಾರ್ಡಿನಲ್ಲಿ ಈಗ ಐದು ಹೆಸರಿವೆ. ಅತ್ತೆ, ನಮ್ಮನೆಯವರು, ನಾನು, ಮಗಳು, ಮಗ. ಇಷ್ಟು ದಿನ ಇದ್ದದ್ದು ಮೊದಲಿನ ಎರಡೇ. ಉಳಿದ ಮೂರು ಜನ ಅದೇ ಮನೆಯಲ್ಲಿ ಉಣ್ಣುತ್ತಿದ್ದರೂ ಸರ್ಕಾರದ ಲೆಕ್ಕದಲ್ಲಿ ಇರಲಿಲ್ಲ. ಇದನ್ನು ಬರೆಯುತ್ತಿರುವುದು ಯಾಕೆಂದರೆ ನಮ್ಮ ಬೀದಿಯಲ್ಲೇ ಇನ್ನೂ ಮೂರು ಮನೆಯಲ್ಲಿ ಇದೇ ಕಥೆ. ಎಲ್ಲರಿಗೂ ಕಾಗದ ಯಾವುದು ಬೇಕು ಅಂತ ಗೊತ್ತು, ಯಾವುದು ಮೊದಲು ಆಗಬೇಕು ಅಂತ ಗೊತ್ತಿಲ್ಲ. ನನ್ನ ತಲೆ ಕೆಟ್ಟದ್ದೂ ಅದರಿಂದಲೇ.

ಅಷ್ಟು ಅಕ್ಕಿಗೆ ಇಷ್ಟೆಲ್ಲಾ ಓಡಾಟ ಬೇಕಿತ್ತಾ ಅಂತ ನನ್ನ ತಂಗಿ ಕೇಳಿದಳು. ಬೇಕಿತ್ತು. ನಾವಿರುವುದು ತುಮಕೂರಿನಲ್ಲಿ, ಬಾಡಿಗೆ ಮನೆ. ನಮ್ಮನೆಯವರದು ಪೇಂಟಿಂಗ್ ಕೆಲಸ, ಮಳೆಗಾಲ ಬಂದರೆ ಕೆಲಸ ಅಷ್ಟಕ್ಕಷ್ಟೆ. ತಿಂಗಳಿಗೆ ಸುಮಾರು 15 ಕೆಜಿ ಅಕ್ಕಿ ಅಂಗಡಿಯಿಂದ ತರುತ್ತಿದ್ದೆವು. ಕೆಜಿಗೆ 50 ರೂಪಾಯಿ ಹಿಡಿದರೂ 750 ಆಯಿತು. ಆ ದುಡ್ಡು ಮಗಳ ಸ್ಕೂಲ್ ವ್ಯಾನಿಗೆ ಆಗುತ್ತದೆ. ರೇಷನ್ ಕೊಡುವುದು ತಲೆ ಲೆಕ್ಕದಲ್ಲಿ. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಬದಲು ತಲೆಗೆ 170 ರೂಪಾಯಿ ಅಕೌಂಟಿಗೆ ಹಾಕುತ್ತಿದ್ದರಲ್ಲ, ಅದು 2025ರಲ್ಲಿ ಮತ್ತೆ ಅಕ್ಕಿಯೇ ಆಯಿತು, ತಲೆಗೆ 10 ಕೆಜಿ. ಹೆಸರಿಲ್ಲದ ತಲೆಗೆ ಆಗ ದುಡ್ಡೂ ಇಲ್ಲ, ಈಗ ಅಕ್ಕಿಯೂ ಇಲ್ಲ.

ಆದರೆ ನಿಜವಾಗಿ ಎದ್ದು ಹೊರಟದ್ದು ಅಕ್ಕಿಗಲ್ಲ. ಮಗನಿಗೆ ಕಫ ಕಟ್ಟಿ, ಜ್ವರ ಇಳಿಯದೆ ಆಸ್ಪತ್ರೆಗೆ ಸೇರಿಸಿದ್ದೆವು. ಕೌಂಟರಿನಲ್ಲಿ ಬಿಪಿಎಲ್ ಕಾರ್ಡ್ ಕೊಟ್ಟೆ. ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಮಗು ಹೆಸರೇ ಇಲ್ವಲ್ಲಮ್ಮಾ" ಅಂದರು. ಅವರದೇನೂ ತಪ್ಪಿಲ್ಲ. ಮಗು ಹುಷಾರಾಗಿ ಮನೆಗೆ ಬಂತು, ಖರ್ಚೂ ಹೇಗೋ ನಡೆಯಿತು. ಆದರೆ ನಾಳೆ ದೊಡ್ಡದೇನಾದರೂ ಬಂದರೆ? ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಮನೆಯವರು ಯಾರು ಅಂತ ನೋಡುವುದು ಇದೇ ಕಾರ್ಡಿನಲ್ಲಿ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ವಾರ ರೇಷನ್ ಅಂಗಡಿಯವರನ್ನೇ ಕೇಳಿದೆ. ಯೂಟ್ಯೂಬ್ ನೋಡುವುದಕ್ಕಿಂತ ಇದು ಸಾವಿರ ಪಾಲು ಮೇಲು, ಯಾಕೆಂದರೆ ಕಾರ್ಡಿನ ತಿದ್ದುಪಡಿಗೆ ಅರ್ಜಿ ಯಾವಾಗ ಬಿಟ್ಟಿದ್ದಾರೆ, ಯಾವಾಗ ನಿಲ್ಲಿಸಿದ್ದಾರೆ ಅನ್ನುವುದು ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಅವರು ಅಕ್ಕಿ ತೂಗುತ್ತಲೇ ಒಂದೇ ಮಾತು ಕೇಳಿದರು: "ನಿಮ್ಮ ಹೆಸರು ಎಲ್ಲಿದೆ ಅಕ್ಕಾ?"

ನನ್ನ ಹೆಸರು ಇನ್ನೂ ನನ್ನ ಅಪ್ಪನ ಕಾರ್ಡಿನಲ್ಲಿತ್ತು. ಅರಸೀಕೆರೆ ಕಡೆಯ ಹಳ್ಳಿ. ಮದುವೆಯಾದ ಮೇಲೆ ತೆಗೆಸಬೇಕು ಅನ್ನುವುದು ನಿಯಮ, ಆದರೆ ಮದುವೆ ಮನೆಯಲ್ಲಿ ಅದನ್ನು ಯಾರು ನೆನೆಸಿಕೊಳ್ಳುತ್ತಾರೆ? ಆಧಾರ್ ನಂಬರ್ ಒಂದು ಕಾರ್ಡಿನಲ್ಲಿ ಇರುವ ತನಕ ಇನ್ನೊಂದು ಕಾರ್ಡಿಗೆ ಸೇರುವುದಿಲ್ಲ. ಕಂಪ್ಯೂಟರ್ ಅಲ್ಲೇ ತಳ್ಳಿಬಿಡುತ್ತದೆ. ಹಾಗಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳೇ, ಮಕ್ಕಳ ಕಾಗದ ಹಿಡಿದು ಓಡುವ ಮೊದಲು ನಿಮ್ಮ ಹೆಸರು ಎಲ್ಲಿದೆ ನೋಡಿಕೊಳ್ಳಿ. ಆಹಾರ ಇಲಾಖೆಯ ವೆಬ್‌ಸೈಟಿನಲ್ಲಿ ತವರಿನ ಕಾರ್ಡ್ ನಂಬರ್ ಹಾಕಿ ನೋಡಬಹುದು, ಇಲ್ಲವಾದರೆ ತವರಿನ ರೇಷನ್ ಅಂಗಡಿಗೆ ಒಂದು ಫೋನ್ ಮಾಡಿಸಿ.

ತವರಿಗೆ ಹೊರಟೆ. ಮಗನನ್ನು ಕಂಕುಳಲ್ಲಿ ಹಾಕಿಕೊಂಡು, ಮಗಳನ್ನು ಅತ್ತೆ ಹತ್ತಿರ ಬಿಟ್ಟು. ಶಕ್ತಿ ಯೋಜನೆ ಇರುವುದರಿಂದ ಬಸ್ಸಿಗೆ ನನ್ನದು ಫ್ರೀ ಟಿಕೆಟ್, ಆಧಾರ್ ತೋರಿಸಿದರೆ ಸಾಕು. ಗುಬ್ಬಿ, ನಿಟ್ಟೂರು, ತಿಪಟೂರು ದಾಟಿ ಅರಸೀಕೆರೆ ಮುಟ್ಟುವಷ್ಟರಲ್ಲಿ ಮಗ ಎರಡು ಬಾರಿ ಬಟ್ಟೆ ಒದ್ದೆ ಮಾಡಿ, ಒಂದು ಬಾರಿ ವಾಂತಿ ಮಾಡಿ, ಕಿಟಕಿ ಪಕ್ಕದ ಅಜ್ಜಿಯ ಸೀರೆಗೂ ಸ್ವಲ್ಪ ಹಂಚಿದ. ಆ ಅಜ್ಜಿ ಬೈಯಲಿಲ್ಲ, ಕೈಚೀಲದಿಂದ ನಿಂಬೆಹಣ್ಣು ತೆಗೆದು ಅವನ ಮೂಗಿಗೆ ಹಿಡಿದರು.

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಆಯ್ತು ಅಂದರು. ಅಮ್ಮ ಸುಮ್ಮನಾದಳು. ನನ್ನ ಪಾಲಿನ ಅಕ್ಕಿ ಅವರಿಗೂ ಆಸರೆಯೇ, ಆಗಾಗ ಚೀಲ ಕಟ್ಟಿ ನಮಗೇ ಕಳಿಸುತ್ತಿದ್ದಳು ಬೇರೆ. "ಹೆಸರು ತೆಗೆಸಿಬಿಟ್ರೆ ನೀನು ಈ ಮನೆಯವಳೇ ಅಲ್ಲ ಅಂದಂಗಾಯ್ತಲ್ಲೇ" ಅಂದಳು. ನಾನು ನಕ್ಕೆ, ಒಳಗೆ ಮಾತ್ರ ಚುರುಕ್ ಅಂತು. ಅಕ್ಕಿ ಲೆಕ್ಕ ಹಾಕುತ್ತಿದ್ದಾಳಾ, ಮಗಳ ಲೆಕ್ಕ ಹಾಕುತ್ತಿದ್ದಾಳಾ ಅಂತ ಗೊತ್ತಾಗಲಿಲ್ಲ. ಬಹುಶಃ ಎರಡೂ.

ಹೆಸರು ತೆಗೆಸಲು ಅಪ್ಪನೇ ಬಂದು ಥಂಬ್ ಕೊಡಬೇಕಾಯಿತು. ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಶುರುವಾಯಿತು. ಅಪ್ಪನ ಆಧಾರ್, ನನ್ನ ಆಧಾರ್, ಕಾರ್ಡಿನ ಜೆರಾಕ್ಸ್, ಮದುವೆಯಾಗಿದೆ ಅನ್ನುವುದಕ್ಕೆ ಲಗ್ನಪತ್ರಿಕೆ. ಲಗ್ನಪತ್ರಿಕೆಯನ್ನು ಅಮ್ಮ ಟ್ರಂಕಿನಿಂದ ಹುಡುಕಿ ಕೊಟ್ಟಳು, ಅರಿಶಿನದ ಮೂಲೆ ಇನ್ನೂ ಹಾಗೇ ಇತ್ತು. ಮದುವೆ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಇದ್ದರೆ ಇನ್ನೂ ಒಳ್ಳೆಯದು. ಅರ್ಜಿ ಹಾಕಿದ ಕೂಡಲೇ ಹೆಸರು ಹೋಗುವುದಿಲ್ಲ. ಮೇಲಿನವರು ಒಪ್ಪಬೇಕು. ರಸೀದಿ ನಂಬರ್ ಬರೆದಿಟ್ಟುಕೊಳ್ಳಿ, ಫೋಟೋನೂ ತೆಗೆದಿಟ್ಟುಕೊಳ್ಳಿ, ಆ ಪ್ರಿಂಟಿನ ಅಕ್ಷರ ಎರಡೇ ತಿಂಗಳಲ್ಲಿ ಮಾಸಿಹೋಗುತ್ತದೆ.

ಅದೇ ಓಡಾಟದಲ್ಲಿ ಇನ್ನೊಂದು ಕೆಲಸ ಮುಗಿಸಿದೆ. ಮಗ ಹುಟ್ಟಿದ್ದು ತವರಿನ ಕಡೆಯೇ. ಅವನ ಜನನ ಪ್ರಮಾಣಪತ್ರದಲ್ಲಿ ಹೆಸರಿರುವ ಜಾಗ ಖಾಲಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ನೋಂದಣಿ ನಾಮಕರಣಕ್ಕೆ ಮೊದಲೇ ಆಗಿಹೋಗುತ್ತದೆ, 21 ದಿನದೊಳಗೆ ಮಾಡಿಸಿದರೆ ದುಡ್ಡೂ ಇಲ್ಲ. ಹೆಸರು ಆಮೇಲೆ ಸೇರಿಸಬೇಕು, ಅದನ್ನು ಮರೆಯುವ ಮನೆಗಳೇ ಜಾಸ್ತಿ. ಒಂದು ವರ್ಷದೊಳಗಾದರೆ ಪುಕ್ಕಟೆ, ದಾಟಿದರೆ ಸಣ್ಣ ಶುಲ್ಕ. ಆದರೆ ನೋಂದಣಿ ಎಲ್ಲಿ ಆಗಿದೆಯೋ ಅಲ್ಲಿಗೇ ಹೋಗಬೇಕು, ನೀವು ಈಗಿರುವ ಊರಿನಲ್ಲಿ ಆಗುವುದಿಲ್ಲ. ಬೇರೆ ಊರಿನಲ್ಲಿ ಹೆರಿಗೆಯಾದವರು ಇದನ್ನು ಹಬ್ಬಕ್ಕೆ ತವರಿಗೆ ಹೋದಾಗಲೇ ಮುಗಿಸಿಕೊಳ್ಳಿ.

ಅಲ್ಲಿ ಗುಮಾಸ್ತರು ನನಗೆ ಒಳ್ಳೆಯ ಬುದ್ಧಿ ಹೇಳಿದರು. ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಬಿಳಿ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ ಅಂದರು. ಟೈಪ್ ಮಾಡಿದ ಮೇಲೆ ಸ್ಕ್ರೀನ್ ತಿರುಗಿಸಿ ತೋರಿಸಿದರು. ಮಗುವಿನ ಅಪ್ಪನ ಹೆಸರಿನ ಇನಿಷಿಯಲ್ ಆಧಾರಿನಲ್ಲಿ ಕೊನೆಗಿದೆ, ಇಲ್ಲಿ ಮೊದಲಿದೆ, ಅದನ್ನೂ ನೋಡಿಕೊಳ್ಳಿ ಅಂತ ಅವರೇ ಬೆರಳಿಟ್ಟು ತೋರಿಸಿದರು. ಹೆಸರು ಒಮ್ಮೆ ಕೂತಮೇಲೆ ಬದಲಾಯಿಸುವುದು ದೊಡ್ಡ ತಲೆನೋವು, ಮುಂದೆ ಸ್ಕೂಲು, ಆಧಾರ್, ಬ್ಯಾಂಕು ಎಲ್ಲಾ ಇದರ ಮೇಲೇ ನಿಲ್ಲುತ್ತದೆ. ಅದರಲ್ಲೂ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನ, ಜಾಗದ ಸಾಕ್ಷಿ ಇದೊಂದೇ.

ತುಮಕೂರಿಗೆ ವಾಪಸ್ ಬಂದು ಆಧಾರ್ ಕೇಂದ್ರ. ಬೆಳಿಗ್ಗೆ ಎಂಟಕ್ಕೇ ಸಾಲು. ಟೋಕನ್ ಕೊಡುವುದು ಒಂಬತ್ತೂವರೆಗೆ. ಸಾಲಿನಲ್ಲಿ ಅರ್ಧಕ್ಕರ್ಧ ನಮ್ಮಂಥವರೇ, ಸೊಂಟದಲ್ಲಿ ಕೂಸು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಂದು ಬಾಟಲಿ ನೀರು, ಒಂದು ಡಬ್ಬಿ ಚಿತ್ರಾನ್ನ, ಒಂದು ಪೊಟ್ಟಣ ಮಂಡಕ್ಕಿ ತೆಗೆದುಕೊಂಡು ಹೋಗಿದ್ದೆ. ಹೊರಗೆ ಒಂದು ಕುರ್ಕುರೆ ಪಾಕೆಟ್ ಕಂಡರೆ ಇಬ್ಬರೂ ಹಟ ಹಿಡಿಯುತ್ತಾರೆ, ಆಮೇಲೆ ಜ್ಯೂಸು, ಆಮೇಲೆ ಬಲೂನು. ಇಂಥ ಓಡಾಟದಲ್ಲಿ ದುಡ್ಡು ಸೋರುವುದು ಆಫೀಸಿನ ಶುಲ್ಕದಲ್ಲಲ್ಲ, ಆಫೀಸಿನ ಬಾಗಿಲ ಮುಂದಿನ ಅಂಗಡಿಯಲ್ಲಿ.

ಮಗನಿಗೆ ಹೊಸ ಆಧಾರ್. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚೂ ಇಲ್ಲ, ಕಣ್ಣಿನ ಸ್ಕ್ಯಾನೂ ಇಲ್ಲ, ಫೋಟೋ ಮಾತ್ರ. ಅದೇ ನೀಲಿ ಆಧಾರ್. ಜನನ ಪ್ರಮಾಣಪತ್ರ ಬೇಕು, ಅಪ್ಪ ಅಥವಾ ಅಮ್ಮ ಯಾರಾದರೂ ಒಬ್ಬರ ಆಧಾರ್ ಬೇಕು, ಅವರು ಅಲ್ಲೇ ಬೆರಳು ಕೊಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಯಾರ ಆಧಾರ್ ಕೊಡುತ್ತೀರೋ ಅವರ ವಿಳಾಸವೇ ಮಗುವಿಗೂ ಬರುತ್ತದೆ. ನನ್ನ ಆಧಾರಿನಲ್ಲಿ ಇನ್ನೂ ತವರಿನ ವಿಳಾಸ ಇದ್ದದ್ದರಿಂದ ನಮ್ಮನೆಯವರನ್ನೇ ಒಂದು ದಿನ ಕೆಲಸ ಬಿಡಿಸಿ ಕರೆದುಕೊಂಡು ಹೋದೆ. ಒಂದು ದಿನದ ಕೂಲಿ ಹೋಯಿತು. ಆದರೂ ಅದು ಉಳಿತಾಯವೇ, ಇಲ್ಲವಾದರೆ ಆಮೇಲೆ ವಿಳಾಸ ಬದಲಾಯಿಸಲು ಮತ್ತೆ ದುಡ್ಡು, ಮತ್ತೆ ಸಾಲು.

ಮಗನ ಫೋಟೋ ತೆಗೆಯುವುದು ಒಂದು ಪ್ರಹಸನ. ಹಿಂದೆ ಬಿಳಿ ಬಟ್ಟೆ, ಮುಂದೆ ಕ್ಯಾಮೆರಾ, ನಡುವೆ ಸ್ಟೂಲಿನ ಮೇಲೆ ಇವನು. ಕ್ಯಾಮೆರಾ ಕಡೆ ಬಿಟ್ಟು ಎಲ್ಲಾ ಕಡೆ ನೋಡುತ್ತಾನೆ. ಹಿಡಿದುಕೊಂಡರೆ ನಮ್ಮ ಕೈ ಫೋಟೋದಲ್ಲಿ ಬರುತ್ತದೆ. ಕೊನೆಗೆ ನಮ್ಮನೆಯವರು ಕ್ಯಾಮೆರಾದ ಹಿಂದೆ ನಿಂತು ಬೀಗದ ಕೈ ಅಲ್ಲಾಡಿಸಿದರು, ಅವನು ಬಾಯಿ ತೆರೆದು ನೋಡಿದ, ಅದೇ ಬಾಯಿ ತೆರೆದ ಮುಖ ಈಗ ಆಧಾರಿನಲ್ಲಿದೆ. ಹೊಸ ಆಧಾರಿಗೆ ಶುಲ್ಕ ಇಲ್ಲ. ಯಾರಾದರೂ ಕೇಳಿದರೆ ರಸೀದಿ ಕೇಳಿ, ತಾನಾಗಿ ಸುಮ್ಮನಾಗುತ್ತಾರೆ.

ಮಗಳಿಗೆ ಐದು ತುಂಬಿದೆ. ಅವಳದು ನೀಲಿ ಆಧಾರ್ ಮೊದಲೇ ಇತ್ತು, ಆದರೆ ಐದಾದ ಮೇಲೆ ಹತ್ತು ಬೆರಳು, ಎರಡು ಕಣ್ಣು, ಹೊಸ ಫೋಟೋ ಕೊಟ್ಟು ಅಪ್‌ಡೇಟ್ ಮಾಡಿಸಬೇಕು. ಹದಿನೈದಕ್ಕೆ ಇನ್ನೊಮ್ಮೆ. ಐದರಿಂದ ಏಳರ ಒಳಗೆ ಮಾಡಿಸಿದರೆ ಇದಕ್ಕೂ ದುಡ್ಡಿಲ್ಲ. ಎಳೆ ಬೆರಳಿನ ಗೆರೆ ಮೆಷಿನ್ನಿಗೆ ಸುಲಭಕ್ಕೆ ಸಿಗುವುದಿಲ್ಲ, ಆಪರೇಟರ್ ಹುಡುಗಿ ಅವಳ ಪುಟ್ಟ ಬೆರಳಿನ ಮೇಲೆ ತನ್ನ ಬೆರಳಿಟ್ಟು ಮೆಲ್ಲಗೆ ಒತ್ತಿ ತೆಗೆದಳು. ಮಗಳಿಗೆ ಖುಷಿಯೋ ಖುಷಿ, ಸ್ಕ್ರೀನಿನಲ್ಲಿ ಹಸಿರು ಬಂದಾಗಲೆಲ್ಲಾ ಚಪ್ಪಾಳೆ.

ಇಲ್ಲಿವರೆಗೆ ಎಲ್ಲಾ ಸರಾಗ. ಸಿಕ್ಕಿಕೊಂಡದ್ದು ಅತ್ತೆ ಹತ್ತಿರ.

ನಮ್ಮ ಕಾರ್ಡಿನ ಯಜಮಾನಿ ಅತ್ತೆ. ಹೆಸರು ಸೇರಿಸಬೇಕಾದರೆ ಅವರ ಥಂಬ್ ಬೇಕು. ಐವತ್ತು ವರ್ಷ ಪಾತ್ರೆ ತಿಕ್ಕಿ, ಹೊಲದಲ್ಲಿ ಕಳೆ ಕಿತ್ತ ಕೈ ಅದು, ಹೆಬ್ಬೆರಳಿನಲ್ಲಿ ಗೆರೆಯೇ ಇಲ್ಲ. ಕಾರ್ಡಿನ ಅರ್ಜಿ ಹಾಕುವ ಕೇಂದ್ರದವರು ಬಲಗೈ, ಎಡಗೈ, ಒಂದೊಂದೇ ಬೆರಳು ಇಡಿಸಿದರು. ಪ್ರತಿ ಸಲ ಕೆಂಪು. ಅತ್ತೆಗೆ ಅಲ್ಲೇ ಕಣ್ಣು ತುಂಬಿತು, "ನನ್ ಕೈಯಿಂದಾನೇ ಮಕ್ಳಿಗೆ ಅಡ್ಡಿ ಆಯ್ತಲ್ಲವ್ವಾ" ಅಂದರು. ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳು ನಮ್ಮನೆಯವರು ಥಂಬ್ ಕೊಡುತ್ತಿದ್ದರಿಂದ ಇದು ನಮಗೆ ಗೊತ್ತೇ ಆಗಿರಲಿಲ್ಲ. ಸರಿ, ಓಟಿಪಿ ತರಿಸೋಣ ಅಂದರೆ ಅತ್ತೆಯ ಆಧಾರಿಗೆ ಜೋಡಿಸಿದ್ದ ಮೊಬೈಲ್ ನಂಬರ್ ಮಾವನವರದು. ಮಾವ ತೀರಿಕೊಂಡ ಮೇಲೆ ಆ ಸಿಮ್ಮಿಗೆ ಕರೆನ್ಸಿ ಹಾಕಿದವರಿಲ್ಲ.

ಮತ್ತೆ ಆಧಾರ್ ಕೇಂದ್ರ. ಮೊಬೈಲ್ ನಂಬರ್ ಬದಲಾಯಿಸಲು 75 ರೂಪಾಯಿ, 2025ರ ಅಕ್ಟೋಬರ್‌ಗಿಂತ ಮೊದಲು 50 ಇತ್ತು. ಜೊತೆಗೆ ಬೆರಳು, ಕಣ್ಣು ಹೊಸದಾಗಿ ತೆಗೆಸಿಬಿಡಿ ಅಂದರು, ಅದಕ್ಕೆ 125. ಎರಡೂ ಒಟ್ಟಿಗೆ ಮಾಡಿಸಿದರೆ 125 ಮಾತ್ರ, ನಂಬರಿಗೆ ಬೇರೆ ತೆಗೆದುಕೊಳ್ಳುವುದಿಲ್ಲ. ಇದನ್ನು ಕೇಳಿ ತಿಳಿದುಕೊಂಡದ್ದಕ್ಕೆ 75 ಉಳಿಯಿತು. ಹೊಸ ನಂಬರ್ ನನ್ನದೇ ಕೊಟ್ಟೆ. ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಕಾರ್ಡ್ ಇದ್ದರೆ ಇವತ್ತೇ ಅವರ ಆಧಾರಿಗೆ ಯಾವ ನಂಬರ್ ಇದೆ ನೋಡಿ. ಬೆರಳು ತೆಗೆದುಕೊಳ್ಳದಿದ್ದರೆ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ ಕರೆದುಕೊಂಡು ಹೋಗಿ. ನಮಗೆ ಇದರಿಂದ ಎಡಗೈ ಉಂಗುರ ಬೆರಳು ಕೆಲಸ ಮಾಡಿತು. ಆಧಾರ್ ಅಪ್‌ಡೇಟ್ ಆಗಿ ಬರುವ ತನಕ ಮಾತ್ರ ಕಾಯಬೇಕು, ಅದಕ್ಕೆ ಯಾವ ಎಣ್ಣೆಯೂ ಇಲ್ಲ.

ಆಮೇಲಿನ ಕಾಯುವಿಕೆಯೇ ಎಲ್ಲಕ್ಕಿಂತ ಹಿಂಸೆ. ತಿದ್ದುಪಡಿ ಯಾವಾಗಲೂ ತೆರೆದಿರುವುದಿಲ್ಲ. ಬಿಡುತ್ತಾರೆ, ನಿಲ್ಲಿಸುತ್ತಾರೆ, ಕೆಲವು ಸಲ ದಿನದಲ್ಲಿ ಇಂತಿಷ್ಟು ಗಂಟೆ ಅಂತ ಇರುತ್ತದೆ. ಬಿಟ್ಟ ದಿನ ಊರಿಗೆ ಊರೇ ಬಂದು ನಿಲ್ಲುತ್ತದೆ, ಸರ್ವರ್ ಕೂತುಬಿಡುತ್ತದೆ. "ಸರ್ವರ್ ಇಲ್ಲ ಮೇಡಂ, ನಾಳೆ ಬನ್ನಿ." ಆ ನಾಳೆ ಬರುವಷ್ಟರಲ್ಲಿ ಮಗಳಿಗೆ ನೆಗಡಿ, ಅತ್ತೆಗೆ ಮಂಡಿನೋವು. ಈ ಸಮಯದಲ್ಲೇ ಒಂದು ಸೈಬರ್ ಅಂಗಡಿಯವನು ಸಿಕ್ಕಿದ. 800 ಕೊಡಿ, ನೀವು ಮನೇಲಿರಿ, ಎಲ್ಲಾ ನಾನು ನೋಡ್ಕೋತೀನಿ ಅಂದ. ಅತ್ತೆ ಬೆರಳೂ ಬೇಕು, ಓಟಿಪಿಯೂ ಬೇಕು ಅಂದಮೇಲೆ ಇವನು ಮನೆಯಲ್ಲಿ ಕೂರಿಸಿ ಏನು ಮಾಡುತ್ತಾನೆ? ನಾನು ಕೇಳಿದೆ, ಅವನು ಉತ್ತರ ಕೊಡಲಿಲ್ಲ. ಪಕ್ಕದ ಬೀದಿಯವರೊಬ್ಬರು ಅವನಿಗೆ ಅರ್ಧ ದುಡ್ಡು ಕೊಟ್ಟು ಇನ್ನೂ ಕಾಯುತ್ತಿದ್ದಾರೆ.

ಒಂದು ಸೋಮವಾರ ಬೆಳಿಗ್ಗೆ ಕರ್ನಾಟಕ ಒನ್‌ನಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ಮೊದಲು ನನ್ನ ಹೆಸರು ಹಾಕಿದರು. ತವರಿನ ಕಾರ್ಡಿನಿಂದ ತೆಗೆದದ್ದು ಆಗಲೇ ಒಪ್ಪಿಗೆಯಾಗಿದ್ದರಿಂದ ಆಧಾರ್ ನಂಬರ್ ಹಾಕಿದ ಕೂಡಲೇ ತೆಗೆದುಕೊಂಡಿತು. ಆಮೇಲೆ ಮಗಳು, ಅವಳ ಬೆರಳು ಒಂದೇ ಸಲಕ್ಕೆ ಹಸಿರು. ಮಗನಿಗೆ ಬೆರಳು ಕೇಳಲಿಲ್ಲ, ಜನನ ಪ್ರಮಾಣಪತ್ರ ಸ್ಕ್ಯಾನ್ ಮಾಡಿಕೊಂಡರು. ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳಿದರು. ನಾಡಕಚೇರಿಯಿಂದ ತೆಗೆಸಿದ್ದು ಇತ್ತು, ಐದು ವರ್ಷ ನಡೆಯುತ್ತದೆ. ನಿಮ್ಮದರ ದಿನಾಂಕ ಮುಗಿದಿದ್ದರೆ ಅದನ್ನು ಮೊದಲೇ ಹೊಸದು ಮಾಡಿಸಿಡಿ, ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ದಾಟಬಾರದು. ಎಲ್ಲಾ ಮುಗಿದು ಅತ್ತೆ ಉಂಗುರ ಬೆರಳಿಟ್ಟರು. ತಿರುಗುತ್ತಾ ತಿರುಗುತ್ತಾ ಒಂದು ನಿಮಿಷ ನಿಂತಿತು. ಹಸಿರು ಬಂತು. ಅತ್ತೆ ಕಂಪ್ಯೂಟರ್ ಮುಂದಿದ್ದ ಹುಡುಗನ ತಲೆ ಸವರಿದರು.

ಅದಾದ ಮೇಲೂ ಆಹಾರ ನಿರೀಕ್ಷಕರು ನೋಡಿ ಒಪ್ಪಬೇಕು. ಕಾಯುವಾಗ ದಿನಾ ಕೇಂದ್ರಕ್ಕೆ ಹೋಗಿ ಕೇಳಬೇಡಿ, ಸ್ಥಿತಿ ಮೊಬೈಲಿನಲ್ಲೇ ನೋಡಬಹುದು. ನಾನು ಸೋಮವಾರಕ್ಕೊಮ್ಮೆ ನೋಡುತ್ತಿದ್ದೆ. ಒಪ್ಪಿಗೆಯಾದ ತಿಂಗಳೇ ಅಕ್ಕಿ ಸಿಗುವುದಿಲ್ಲ, ಆ ತಿಂಗಳ ಹಂಚಿಕೆ ಆಗಲೇ ಹೋಗಿರುತ್ತದೆ. ನಮಗೆ ಮುಂದಿನ ತಿಂಗಳಿನಿಂದ ಬಂತು.

ಖರ್ಚು ಇಷ್ಟು: ಆಧಾರ್ 125, ಜನನ ಪ್ರಮಾಣಪತ್ರ, ಜೆರಾಕ್ಸ್, ಪ್ರಿಂಟ್, ಅರ್ಜಿ ಶುಲ್ಕ ಎಲ್ಲಾ ಸೇರಿ 300ರ ಒಳಗೆ, ಆಟೋಗೆ ಅಷ್ಟೇ. ದೊಡ್ಡ ಪೆಟ್ಟು ನಮ್ಮನೆಯವರ ಕೂಲಿ ತಪ್ಪಿದ್ದು. ಹಾಗಾಗಿ ಅವರ ಬೆರಳೇ ಬೇಕಾದ ಕೆಲಸಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ.

ಈಗ ಐದು ಜನಕ್ಕೆ ಬರುವ ಅಕ್ಕಿ ನಮಗೆ ಜಾಸ್ತಿಯೇ ಆಗುತ್ತದೆ, ಮಕ್ಕಳು ಎಷ್ಟು ಉಣ್ಣುತ್ತವೆ? ದೋಸೆ, ಇಡ್ಲಿ ಹಿಟ್ಟಿಗೆ ಇದೇ ಅಕ್ಕಿ. ತೊಳೆದು ನೆರಳಲ್ಲಿ ಒಣಗಿಸಿ ಮಿಲ್ಲಿಗೆ ಹಾಕಿಸಿ ರೊಟ್ಟಿಗೆ, ಚಕ್ಕುಲಿಗೆ ಇಟ್ಟಿದ್ದೇನೆ. ಉಳಿದದ್ದನ್ನು ಕೆಜಿಗೆ ಇಷ್ಟು ಅಂತ ಕೇಳಿಕೊಂಡು ಬಾಗಿಲಿಗೇ ಬರುತ್ತಾರೆ, ಕೊಡಬೇಡಿ, ಸಿಕ್ಕಿಬಿದ್ದರೆ ಕಾರ್ಡೇ ಹೋಗುತ್ತದೆ.

ಗೃಹಲಕ್ಷ್ಮಿ ದುಡ್ಡು ಏನಾಯಿತು ಅಂತ ಬಹಳ ಜನ ಕೇಳಿದರು. 2000 ರೂಪಾಯಿ ಹೋಗುವುದು ಕಾರ್ಡಿನ ಯಜಮಾನಿಗೆ, ಅಂದರೆ ಅತ್ತೆಗೇ. ಹೆಸರು ಸೇರಿಸಿದ್ದರಿಂದ ಅದಕ್ಕೆ ಏನೂ ತೊಂದರೆಯಾಗಿಲ್ಲ. ಯಜಮಾನಿ ಹೆಸರು ಬದಲಾಯಿಸಿಕೋ ಅಂತ ಒಬ್ಬರು ಸಲಹೆಯನ್ನೂ ಕೊಟ್ಟರು. ನಾನು ಬದಲಾಯಿಸಲಿಲ್ಲ. ಅತ್ತೆ ಆ ದುಡ್ಡಿನಲ್ಲೇ ಮಂಡಿನೋವಿನ ಮಾತ್ರೆ ತರಿಸುತ್ತಾರೆ, ಮಗಳಿಗೆ ತಿಂಗಳಿಗೊಂದು ಬಣ್ಣದ ಪೆನ್ಸಿಲ್ ಡಬ್ಬಿ ಕೊಡಿಸುತ್ತಾರೆ, ಉಳಿದರೆ ಹಾಲಿನವನ ಲೆಕ್ಕ ಚುಕ್ತಾ ಮಾಡುತ್ತಾರೆ. ಮುಂದಿನ ವಾರ ಐದೂ ಜನದ ಆಧಾರ್, ಹೊಸ ಕಾರ್ಡಿನ ಪ್ರಿಂಟ್ ಹಿಡಿದು ಆಯುಷ್ಮಾನ್ ಕಾರ್ಡ್ ಮಾಡಿಸಲು ಹೋಗುತ್ತಿದ್ದೇವೆ. ಅದಕ್ಕೂ ಅತ್ತೆ ಬೆರಳು ಬೇಕಂತೆ. ಕೊಬ್ಬರಿ ಎಣ್ಣೆ ತಂದಿಟ್ಟಿದ್ದೇನೆ.